ಸೈಲೆನ್ಸರ್ ಕೊನೆಗಿರಲಿ

ಸಂಜೆ ಹೊತ್ತು ಶಿವಮೊಗ್ಗದ ದುರ್ಗಿಗುಡಿ ರಸ್ತೆಯ ಎರಡೂ ಬದಿಗೆ ಬೈಕುಗಳು ಒತ್ತೊತ್ತಾಗಿ ನಿಂತಿರುತ್ತವೆ. ಬಟ್ಟೆ ಅಂಗಡಿಗೆ, ಚಿನ್ನದ ಅಂಗಡಿಗೆ ಬಂದವರ ಸ್ಕೂಟರುಗಳ ನಡುವೆ ಕಾಲೇಜು ಹುಡುಗರ ಯಮಹಾ ಆರ್15, ಕೆಟಿಎಂ, ಅಪಾಚೆ, ಪಲ್ಸರ್. ಅವುಗಳ ಹಿಂದೆ ಸ್ವಲ್ಪ ಬಗ್ಗಿ ನೋಡಿ. ಕಂಪನಿ ಕೊಟ್ಟ ಸೈಲೆನ್ಸರ್ ಹೋಗಿ ಸಾವಿರಾರು ರೂಪಾಯಿಯ ಹೊಸದು ಕೂತಿರುತ್ತದೆ. ಅದರ ಪಕ್ಕದಲ್ಲೇ ಹಿಂದಿನ ಟೈರು ನಡುವೆ ಚಪ್ಪಟೆಯಾಗಿ ಸವೆದು ಬೋಳಾಗಿರುತ್ತದೆ. ಎಲ್ಲಿಗೆ ಹೋಗಬೇಕಿದ್ದ ದುಡ್ಡು ಎಲ್ಲಿಗೋ ಹೋಗಿದೆ ಅನ್ನಿಸಿ ಪ್ರತಿಸಲವೂ ಸಂಕಟವಾಗುತ್ತದೆ.

ಈ ಹುಡುಗರಲ್ಲಿ ಹಲವರಿಗೆ ಬರೀ ಸದ್ದಿನ ಆಸೆಯಲ್ಲ, ನಿಜಕ್ಕೂ ಟ್ರ್ಯಾಕಿನ ಆಸೆಯಿದೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಬೈಕು ವಾಲಿಸಿ, ಮೊಣಕಾಲು ನೆಲಕ್ಕೆ ತಾಗಿಸುವ ಕನಸು ಕಾಣುವವರು ಇವರೇ. ಎದುರಿಗೆ ಉಡುಪಿಯಿಂದ ಬರುವ ಬಸ್ಸು ಆ ಕನಸಿನಲ್ಲಿ ಇರುವುದಿಲ್ಲ. ಅವರಿಗೆ ಘಾಟಿಯ ಬದಲು ಟ್ರ್ಯಾಕಿನ ದಾರಿ ತೋರಿಸುವುದು ಊರಿನ ದೊಡ್ಡವರೆಲ್ಲರ ಕೆಲಸ ಎಂದು ನಾನು ನಂಬಿದ್ದೇನೆ. ಹಾಗಾಗಿ, ಸಣ್ಣ ಬೈಕೊಂದನ್ನು ಟ್ರ್ಯಾಕಿಗೆ ಹೇಗೆ ಆರಿಸಬೇಕು, ಅದಕ್ಕೆ ಏನು ಮಾಡಿಸಬೇಕು, ಯಾವುದನ್ನು ಮೊದಲು ಮಾಡಿಸಬೇಕು ಎಂಬುದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ.

ಮೊದಲು ಟ್ರ್ಯಾಕ್ ಎಲ್ಲಿದೆ ನೋಡೋಣ. ರಾಷ್ಟ್ರೀಯ ಬೈಕ್ ರೇಸ್ ಚಾಂಪಿಯನ್‌ಷಿಪ್‌ನ ಸುತ್ತುಗಳು ಹೆಚ್ಚಾಗಿ ನಡೆಯುವುದು ತಮಿಳುನಾಡಿನ ಎರಡು ಜಾಗಗಳಲ್ಲಿ. ಒಂದು, ಚೆನ್ನೈಗಿಂತ ಮುಂಚೆ ಶ್ರೀಪೆರಂಬದೂರಿನ ಹತ್ತಿರ ಇರುಂಗಾಟುಕೋಟೆಯಲ್ಲಿರುವ 3.7 ಕಿ.ಮೀ. ಉದ್ದದ ಟ್ರ್ಯಾಕ್. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಇದನ್ನು 1990ರ ಹೊತ್ತಿಗೆ ಕಟ್ಟಿತು. ಅದಕ್ಕಿಂತ ಮುಂಚೆ ದಕ್ಷಿಣದ ದೊಡ್ಡ ರೇಸುಗಳು ಹೆಚ್ಚಾಗಿ ಶೋಲಾವರಂನ ಹಳೆಯ ವಿಮಾನ ರನ್‌ವೇ ಮೇಲೆ ನಡೆಯುತ್ತಿದ್ದವು. ಇನ್ನೊಂದು, ಕೊಯಮತ್ತೂರಿನ ಚೆಟ್ಟಿಪಾಳಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ. ಕಾರು ರೇಸಿನ ಎಸ್. ಕರಿವರ್ಧನ್ ಹೆಸರಿನ ಈ ಟ್ರ್ಯಾಕಿನ ಉದ್ದ 2.1 ಕಿ.ಮೀ. ದೆಹಲಿ ಬಳಿಯ ಗ್ರೇಟರ್ ನೊಯ್ಡಾದಲ್ಲಿ ಬುದ್ಧ್ ಸರ್ಕಿಟ್ ಇದೆ. ಅದು 5 ಕಿ.ಮೀ.ಗೂ ಉದ್ದ, ದೊಡ್ಡ ಬೈಕುಗಳ ಜಾಗ, ನಮಗೆ ಬಲು ದೂರ. ಬೆಂಗಳೂರಿನ ಸುತ್ತಮುತ್ತಲ ಕಾರ್ಟಿಂಗ್ ಟ್ರ್ಯಾಕ್‌ಗಳಲ್ಲೂ ಸಣ್ಣ ಬೈಕುಗಳ ತರಬೇತಿ ನಡೆಯುವುದುಂಟು. ಶಿವಮೊಗ್ಗದಿಂದ ಬೆಂಗಳೂರಿಗೆ 300 ಕಿ.ಮೀ., ಅಲ್ಲಿಂದ ಇರುಂಗಾಟುಕೋಟೆಗೆ ಹೆಚ್ಚುಕಡಿಮೆ ಇನ್ನೊಂದು ಅಷ್ಟೇ. ನಾಲ್ಕು ಜನ ಸೇರಿ ಒಂದು ಪಿಕಪ್ ಗಾಡಿ ಮಾಡಿಕೊಂಡು ಬೈಕುಗಳನ್ನು ಹೇರಿಕೊಂಡು ಹೋಗಬೇಕಾದ ದೂರ ಇದು.

ಈ ದೂರವೇ ಬೈಕಿನ ಆಯ್ಕೆಯನ್ನು ಅರ್ಧ ತೀರ್ಮಾನಿಸುತ್ತದೆ. ಅಷ್ಟು ದೂರ ಹೋಗಿ ಬೆಳಗ್ಗೆ ಬಿದ್ದು ಒಂದು ಬ್ರೇಕ್ ಲಿವರ್ ಮುರಿದರೆ, ಅದರ ಬದಲಿ ನಿಮ್ಮ ಚೀಲದಲ್ಲೋ ಅಲ್ಲಿನ ಅಂಗಡಿಯಲ್ಲೋ ಸಿಗಬೇಕು. ಸಿಗದಿದ್ದರೆ ಉಳಿದ ದಿನವೆಲ್ಲ ಬೇಲಿ ಪಕ್ಕ ನಿಂತು ನೋಡಬೇಕು. ಅಪರೂಪದ ಬೈಕು, ನಿಂತುಹೋದ ಮಾಡೆಲ್, ಹೊರದೇಶದಿಂದ ಬಿಡಿಭಾಗ ಬರಬೇಕಾದದ್ದು, ಇವೆಲ್ಲ ಕಲಿಯುವವನಿಗೆ ಬೇಡ. ಲಕ್ಷಗಟ್ಟಲೆ ಮಾರಾಟವಾದ, ಭದ್ರಾವತಿಯ ಅಂಗಡಿಯಲ್ಲೂ ಕ್ಲಚ್ ಪ್ಲೇಟ್ ಸಿಗುವ ಬೈಕೇ ಸರಿ.

ನನ್ನನ್ನು ಕೇಳಿದರೆ 150ರಿಂದ 200 ಸಿಸಿ ಒಳಗೆ, ಚೆನ್ನಾಗಿ ಓಡಿಸಿ ಇಟ್ಟ ಸೆಕೆಂಡ್ ಹ್ಯಾಂಡ್ ಗಾಡಿ. ಯಮಹಾ ಆರ್15 ಭಾರತಕ್ಕೆ ಬಂದದ್ದು 2008ರಲ್ಲಿ. 149.8 ಸಿಸಿ, ನೀರಿನಿಂದ ತಣಿಯುವ ಇಂಜಿನ್, 17 ಅಶ್ವಶಕ್ತಿ, ಗಟ್ಟಿಯಾದ ಡೆಲ್ಟಾಬಾಕ್ಸ್ ಚಾಸಿ. ಅದರ ಎಷ್ಟೋ ಗಾಡಿಗಳು ಇವತ್ತು ಟ್ರ್ಯಾಕಿನಲ್ಲೇ ಬದುಕು ಕಳೆಯುತ್ತಿವೆ, ಕಾರಣ ಆ ಚಾಸಿ. 2018ರಲ್ಲಿ ಬಂದ 155 ಸಿಸಿಯ ಮೂರನೇ ಮಾದರಿಗೆ ಸ್ಲಿಪ್ಪರ್ ಕ್ಲಚ್ ಇದೆ. ತಿರುವಿಗೆ ಮುಂಚೆ ದಡದಡ ಗೇರ್ ಇಳಿಸಿದರೂ ಹಿಂದಿನ ಚಕ್ರ ಕುಣಿಯುವುದಿಲ್ಲ. ಸುಜುಕಿ ಜಿಕ್ಸರ್ ಎಸ್‌ಎಫ್ 155 ಗಾಳಿಯಲ್ಲಿ ತಣಿಯುವ ಸರಳ ಇಂಜಿನ್, ರಿಪೇರಿ ಸುಲಭ. ಟಿವಿಎಸ್ ಅಪಾಚೆ ಆರ್‌ಟಿಆರ್ 200 ನಮ್ಮ ಪಕ್ಕದ ಹೊಸೂರಿನ ಕಂಪನಿಯದು. 1980ರ ದಶಕದಿಂದ ರೇಸ್ ಆಡುತ್ತ ಬಂದ ಕಂಪನಿ. ಕೆಟಿಎಂ ಆರ್‌ಸಿ 200 ಇವುಗಳಿಗಿಂತ ಚುರುಕು, 25 ಅಶ್ವಶಕ್ತಿ, ಬ್ರೇಕು ಚೆನ್ನ, ಆದರೆ ಬಿದ್ದಾಗ ಬರುವ ಬಿಲ್ಲೂ ದೊಡ್ಡದು. ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಹೊಸಬರಿಗೆ, ಹುಡುಗಿಯರಿಗೆ ಇರುವ ವಿಭಾಗವೇ 165 ಸಿಸಿ ಸ್ಟಾಕ್. ಮುಂದೆ ರೇಸಿಗೆ ಇಳಿಯುವ ಆಸೆಯಿದ್ದರೆ ಈ ಅಳತೆಯ ಬೈಕಿನಲ್ಲೇ ಕಲಿಯುವುದು ಒಳ್ಳೆಯದು.

ಕೆಟಿಎಂನ 390 ಯಾಕೆ ಬೇಡ ಎಂದು ಕೇಳುವವರು ಇದ್ದೇ ಇರುತ್ತಾರೆ. ಶಕ್ತಿ ಹೆಚ್ಚಿರುವ ಬೈಕಿನಲ್ಲಿ ತಿರುವಿನಲ್ಲಿ ಮಾಡಿದ ತಪ್ಪನ್ನು ನೇರ ದಾರಿಯಲ್ಲಿ ಎಕ್ಸಿಲೇಟರ್ ತಿರುವಿ ಮುಚ್ಚಿಹಾಕಬಹುದು. 17 ಅಶ್ವಶಕ್ತಿಯ ಬೈಕಿನಲ್ಲಿ ಆ ಅವಕಾಶವಿಲ್ಲ. ತಿರುವಿನಲ್ಲಿ ಬೇಡದೆ ಹಿಡಿದ ಒಂದು ಬ್ರೇಕು, ಕಳೆದುಕೊಂಡ ಐದು ಕಿ.ಮೀ. ವೇಗ, ಮುಂದಿನ ತಿರುವಿನವರೆಗೂ ನಿಮ್ಮ ಹಿಂದೆ ಬರುತ್ತದೆ. ಹಾಗಾಗಿ ಸಣ್ಣ ಬೈಕಿನಲ್ಲಿ ಕಲಿತವನಿಗೆ ವೇಗ ಉಳಿಸಿಕೊಳ್ಳುವ ವಿದ್ಯೆ ತಾನಾಗೇ ಬರುತ್ತದೆ.

ಇನ್ನು ಆರ್‌ಎಕ್ಸ್ 100. ನಮ್ಮೂರಲ್ಲಿ ಅದರ ಮಾತೆತ್ತದೆ ಬೈಕಿನ ಮಾತು ಮುಗಿಯುವುದಿಲ್ಲ. 1985ರಿಂದ 1996ರವರೆಗೆ ಬಂದ 98 ಸಿಸಿಯ, 11 ಅಶ್ವಶಕ್ತಿಯ, ಹಗುರವಾದ ಟೂ-ಸ್ಟ್ರೋಕ್ ಗಾಡಿ. ಅದರ ಪಿಕಪ್‌ಗೆ ಮನಸೋಲದವರಿಲ್ಲ. ಆದರೆ ಅದರ ಮುಂದಿನ ಬ್ರೇಕು ಡ್ರಮ್, ಚಾಸಿ ಆ ಕಾಲದ ರಸ್ತೆಗೆ ಮಾಡಿದ್ದು, ಕಂಪನಿಯ ಅಸಲಿ ಬಿಡಿಭಾಗ ಸಿಗುವುದು ಕಷ್ಟ. ಅಪ್ಪನೋ ಚಿಕ್ಕಪ್ಪನೋ ಜೋಪಾನ ಮಾಡಿಟ್ಟ ಗಾಡಿಯನ್ನು ಟ್ರ್ಯಾಕಿಗೆಂದು ಕತ್ತರಿಸಬೇಡಿ. ಅದು ಹಾಗೇ ಇರಲಿ.

ಸೆಕೆಂಡ್ ಹ್ಯಾಂಡ್ ಗಾಡಿ ನೋಡುವಾಗ ಎಲ್ಲರೂ ಮೊದಲು ಸ್ಟಾರ್ಟ್ ಮಾಡಿ ಸದ್ದು ಕೇಳುತ್ತಾರೆ. ಟ್ರ್ಯಾಕಿಗೆ ತೆಗೆದುಕೊಳ್ಳುವವರು ಮೊದಲು ನೋಡಬೇಕಾದದ್ದು ಗಾಡಿ ನೆಟ್ಟಗಿದೆಯೋ ಇಲ್ಲವೋ ಎಂದು. ಇಂಜಿನ್ ಬಿಚ್ಚಿ ಬೋರ್ ಮಾಡಿಸಬಹುದು, ಬಾಗಿದ ಚಾಸಿಯನ್ನು ಪೂರ್ತಿ ಸರಿ ಮಾಡುವುದು ಮನೆಮಠ ಮಾರಿದರೂ ಆಗದ ಮಾತು. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ ಇದನ್ನು ಒಂದು ದಾರದಲ್ಲಿ ಪರೀಕ್ಷಿಸುವುದನ್ನು ನಿಂತು ನೋಡಿದ್ದೇನೆ. ಗಾಡಿಯನ್ನು ನೆಟ್ಟಗೆ ನಿಲ್ಲಿಸಿದರು. ಹಿಂದಿನ ಟೈರಿನ ಹಿಂಬದಿಗೆ ದಾರ ಸುತ್ತಿ, ಎರಡು ತುದಿಗಳನ್ನೂ ನೆಲದಿಂದ ಒಂದಡಿ ಎತ್ತರದಲ್ಲಿ ಮುಂದಿನ ಚಕ್ರದ ಆಚೆಗೆ ಎಳೆದು ಎರಡು ಸ್ಟೂಲಿಗೆ ಕಟ್ಟಿದರು. ದಾರ ಹಿಂದಿನ ಟೈರಿನ ಹಿಂಚು, ಮುಂಚು ಎರಡಕ್ಕೂ ಸವರಿಕೊಂಡು ಹೋಗುವಂತೆ ಸರಿಮಾಡಿ, ಮುಂದಿನ ಟೈರಿನ ಎರಡೂ ಬದಿಯ ಸಂದನ್ನು ಸ್ಕೇಲಿನಲ್ಲಿ ಅಳೆದರು. ಒಂದು ಬದಿಗೆ ಒಂಬತ್ತು ಮಿ.ಮೀ., ಇನ್ನೊಂದು ಬದಿಗೆ ಹದಿನೆಂಟು.

"ಅಣ್ಣಾ, ಚೈನ್ ಟೈಟ್ ಮಾಡುವಾಗ ಓರೆ ಆಗಿರಬಹುದಲ್ವಾ?" ಅಂದ ಗಾಡಿ ಕೊಳ್ಳಲು ಬಂದ ಹುಡುಗ.

"ಆಗಿರಬೋದು ಮಾರಾಯ. ಅದಕ್ಕೇ ಆಕ್ಸೆಲ್ ಸರಿಮಾಡಿ ಇನ್ನೊಂದು ಸಲ ಹಿಡೀತೀನಿ. ಆಗಲೂ ಹಿಂಗೇ ಬಂದ್ರೆ ಗಾಡಿ ಬಿಟ್ಟು ಮನೆಗೆ ಹೋಗು."

ಆಕ್ಸೆಲ್ ಸರಿಮಾಡಿದ ಮೇಲೂ ಸಂದು ಸಮವಾಗಲಿಲ್ಲ. ಹುಡುಗ ಗಾಡಿ ಬಿಟ್ಟ. ಮುಂದಿನ ಚಕ್ರ ಎತ್ತಿ ಫೋರ್ಕನ್ನು ಹಿಂದೆ ಮುಂದೆ ಅಲುಗಾಡಿಸಿ ಸ್ಟೀರಿಂಗ್ ಬೇರಿಂಗ್ ನೋಡುವುದು, ಹ್ಯಾಂಡಲ್ಲನ್ನು ನಿಧಾನಕ್ಕೆ ತಿರುಗಿಸಿ ನಡುವಿನಲ್ಲಿ ಎಲ್ಲಾದರೂ ಹಲ್ಲಿಗೆ ಸಿಕ್ಕಂತೆ ನಿಲ್ಲುತ್ತದೆಯೇ ನೋಡುವುದು, ಹಿಂದಿನ ಚಕ್ರವನ್ನು ಅಡ್ಡಕ್ಕೆ ತಳ್ಳಿ ಸ್ವಿಂಗ್ ಆರ್ಮಿನ ಬುಷ್ ಸವೆದಿದೆಯೇ ನೋಡುವುದು, ಇವಕ್ಕೆಲ್ಲ ಹತ್ತು ನಿಮಿಷ ಸಾಕು. ಆರ್‌ಸಿ ಪುಸ್ತಕವನ್ನೂ ಆಮೇಲೆ ನೋಡಿ, ಚಾಸಿ ನಂಬರು ಗಾಡಿಯ ಮೇಲಿರುವುದಕ್ಕೆ ಹೊಂದಲೇಬೇಕು.

ಗಾಡಿ ಬಂತು. ಈಗ ದುಡ್ಡು ಮೊದಲು ಟೈರಿಗೆ. ತಿರುವಿನಲ್ಲಿ ವಾಲಿದ ಬೈಕು, ಅದರ ಮೇಲಿನ ಮನುಷ್ಯ, ಇಬ್ಬರ ಭಾರವೂ ಅಂಗೈ ಅಗಲದಷ್ಟು ರಬ್ಬರಿನ ಮೇಲೆ ನಿಂತಿರುತ್ತದೆ. ಮೈಲೇಜಿಗೆಂದು ಮಾಡಿದ ಗಟ್ಟಿ ರಬ್ಬರ್ ಬಿಸಿಯಾಗಲು ತಡ, ಹಿಡಿತ ಕಡಿಮೆ. ಎಂಆರ್‌ಎಫ್, ಟಿವಿಎಸ್ ಯೂರೋಗ್ರಿಪ್, ಪಿರೆಲಿ, ಮಿಷೆಲಿನ್ ಎಲ್ಲರಲ್ಲೂ ಸಣ್ಣ ಬೈಕಿಗೆ ಮೆದು ರಬ್ಬರಿನ ಟೈರುಗಳಿವೆ. ಕಂಪನಿ ಹೇಳಿದ ಅಳತೆಯದನ್ನೇ ಹಾಕಿಸಿ. ಹಿಂದೆ ದಪ್ಪ ಟೈರು ಹಾಕಿಸಿದರೆ ನೋಡಲು ಚಂದ. ಆದರೆ ಕಿರಿದಾದ ರಿಮ್ಮಿನಲ್ಲಿ ಅಗಲದ ಟೈರು ಹಿಂಡಿದಂತಾಗಿ ಅದರ ದುಂಡು ಆಕಾರ ಕೆಡುತ್ತದೆ, ಬೈಕು ತಿರುವಿಗೆ ಬೀಳಲು ಒಪ್ಪುವುದಿಲ್ಲ.

ಟೈರಿನ ಜೊತೆಗೇ ಒಂದು ಒಳ್ಳೆಯ ಪ್ರೆಷರ್ ಗೇಜ್ ಕೊಳ್ಳಿ, ನಿಮ್ಮದೇ ಆಗಿರಲಿ. ಪೆಟ್ರೋಲ್ ಬಂಕಿನ ಮೀಟರನ್ನು ನಂಬಿ ಟ್ರ್ಯಾಕಿಗೆ ಇಳಿಯಬಾರದು. ಟೈರು ಬಿಸಿಯಾದಂತೆ ಒಳಗಿನ ಗಾಳಿ ಹಿಗ್ಗುತ್ತದೆ. 30 ಡಿಗ್ರಿ ಉಷ್ಣತೆಯಲ್ಲಿ 28 ಪಿಎಸ್‌ಐ ತುಂಬಿದ ಟೈರು 70 ಡಿಗ್ರಿಗೆ ಏರಿದರೆ ಒತ್ತಡ 33ರ ಮೇಲೆ ಹೋಗುತ್ತದೆ. ಲೆಕ್ಕ ಶಾಲೆಯಲ್ಲಿ ಓದಿದ ಅನಿಲ ನಿಯಮದ್ದೇ. ಒತ್ತಡ ಏರಿದಷ್ಟೂ ಟೈರು ಗಟ್ಟಿಯಾಗಿ ನೆಲಕ್ಕೆ ತಾಗುವ ಜಾಗ ಕಿರಿದಾಗುತ್ತದೆ. ಅದಕ್ಕೇ ಟ್ರ್ಯಾಕಿಗೆ ಹೋಗುವವರು ರಸ್ತೆಗಿಂತ ಕಡಿಮೆ ಗಾಳಿಯಲ್ಲಿ ಶುರುಮಾಡಿ, ಓಡಿಸಿ ಬಂದ ಕೂಡಲೇ ಬಿಸಿಯಲ್ಲೇ ಅಳೆದು ಸರಿಮಾಡಿಕೊಳ್ಳುತ್ತಾರೆ. ಎಷ್ಟಿರಬೇಕೆಂದು ಟೈರು ಕಂಪನಿಯವರು ಹೇಳುತ್ತಾರೆ, ಊಹೆ ಬೇಡ.

ಟೈರು ಆದ ಮೇಲೆ ಬ್ರೇಕು. ಬೈಕು 140 ಕಿಲೋ, ಹೆಲ್ಮೆಟ್ಟು, ಚರ್ಮದ ಸೂಟು ತೊಟ್ಟ ಸವಾರ 75 ಕಿಲೋ ಎಂದಿಟ್ಟುಕೊಳ್ಳಿ. 110 ಕಿ.ಮೀ. ವೇಗದಲ್ಲಿ ಇವರಿಬ್ಬರಲ್ಲಿ ತುಂಬಿರುವ ಚಲನಶಕ್ತಿ ಸುಮಾರು ಒಂದು ಲಕ್ಷ ಜೌಲ್. 300 ಮಿ.ಲೀ. ಹಿಡಿಯುವ ದೊಡ್ಡ ಲೋಟದ ತಣ್ಣೀರನ್ನು ಕುದಿ ಬರಿಸಲು ಸಾಕಾಗುವ ಶಾಖ ಅದು. ಅದರಲ್ಲಿ ದೊಡ್ಡ ಪಾಲನ್ನು ಮುಂದಿನ ಡಿಸ್ಕು, ಪ್ಯಾಡು ಎರಡೇ ಕುಡಿಯಬೇಕು, ಅದೂ ನಾಲ್ಕೈದು ಸೆಕೆಂಡಿನಲ್ಲಿ, ಪ್ರತಿ ಸುತ್ತಿನಲ್ಲೂ. ಶಾಖ ಕ್ಯಾಲಿಪರ್ ಮೂಲಕ ಬ್ರೇಕ್ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ಕುದಿದರೆ ಗುಳ್ಳೆ ಏಳುತ್ತದೆ, ಗುಳ್ಳೆ ಎದ್ದರೆ ಲಿವರ್ ಹ್ಯಾಂಡಲ್ಲಿಗೆ ತಾಗಿದರೂ ಬ್ರೇಕು ಹಿಡಿಯುವುದಿಲ್ಲ.

ಇಲ್ಲಿ ಮಲೆನಾಡಿನವರು ಎಲ್ಲರಿಗಿಂತ ಹೆಚ್ಚು ಎಚ್ಚರವಾಗಿರಬೇಕು. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರುತ್ತದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ನೀರು ಹೀರಿದ ಮೇಲೆ ಅದೇ ಮಟ್ಟ 155 ಡಿಗ್ರಿಗೆ ಇಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೂ ಬೂಸ್ಟು ಹಿಡಿಯುವ ನಮ್ಮ ಸೀಮೆಯಲ್ಲಿ ಎರಡು ವರ್ಷ ಬದಲಾಯಿಸದೆ ಬಿಟ್ಟ ಆಯಿಲ್ ಯಾವ ಸ್ಥಿತಿಯಲ್ಲಿರಬಹುದು, ನೀವೇ ಯೋಚಿಸಿ. ಸೀಲ್ ಒಡೆಯದ ಹೊಸ ಡಬ್ಬಿ ತಂದು, ಹಳೆಯದನ್ನು ಪೂರ್ತಿ ತೆಗೆಸಿ, ಗಾಳಿ ತೆಗೆಸಿ ತುಂಬಿಸಿ. ಜೊತೆಗೆ ಒಳ್ಳೆಯ ಪ್ಯಾಡು. ಕೈಲಾದರೆ ರಬ್ಬರ್ ಪೈಪಿನ ಬದಲು ಉಕ್ಕಿನ ಹೆಣಿಗೆಯ ಪೈಪು ಹಾಕಿಸಿ. ರಬ್ಬರ್ ಪೈಪು ಬಿಸಿಗೆ ಉಬ್ಬಿ ಒತ್ತಡ ನುಂಗುತ್ತದೆ, ಉಕ್ಕಿನದು ಉಬ್ಬುವುದಿಲ್ಲ. ಒಟ್ಟು ಖರ್ಚು ಒಂದು ಫ್ಯಾನ್ಸಿ ಸೈಲೆನ್ಸರಿಗಿಂತ ಕಡಿಮೆ.

ಸಸ್ಪೆನ್ಷನ್ ವಿಷಯದಲ್ಲಿ ಹೊಸದು ಕೊಳ್ಳುವ ಮುಂಚೆ ಇರುವುದನ್ನು ಅಳೆದು ನೋಡಿ. ನಮ್ಮ ಬೈಕುಗಳ ಶಾಕ್ ಅಬ್ಸಾರ್ಬರನ್ನು ಇಬ್ಬರು ಕೂತು ಗುಂಡಿ ರಸ್ತೆಯಲ್ಲಿ ಹೋಗುವುದಕ್ಕೆ ಹೊಂದಿಸಿರುತ್ತಾರೆ. ಹಿಂದಿನ ಚಕ್ರ ನೆಲ ಬಿಡುವಂತೆ ಗಾಡಿ ಎತ್ತಿ, ಆಕ್ಸೆಲ್‌ನಿಂದ ಸೀಟಿನ ಕೆಳಗಿನ ಒಂದು ಗುರುತಿಗೆ ಟೇಪ್ ಹಿಡಿಯಿರಿ. ಆಮೇಲೆ ಪೂರ್ತಿ ಸೂಟು ತೊಟ್ಟು ಸವಾರಿ ಭಂಗಿಯಲ್ಲಿ ಕೂತು, ಗೆಳೆಯನಿಂದ ಅದನ್ನೇ ಮತ್ತೆ ಅಳೆಸಿ. ಎರಡರ ವ್ಯತ್ಯಾಸ 30 ಮಿ.ಮೀ. ಆಸುಪಾಸು ಇದ್ದರೆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಹೊಂದಿದೆ ಎಂದರ್ಥ. ಇದಕ್ಕೆ ಸ್ಯಾಗ್ ಅನ್ನುತ್ತಾರೆ. ಮುಂದಿನ ಫೋರ್ಕಿನ ಹೊಳೆಯುವ ರಾಡಿಗೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಸಡಿಲವಾಗಿ ಕಟ್ಟಿ ಕೆಳಕ್ಕೆ ತಳ್ಳಿಬಿಡಿ. ಓಡಿಸಿ ಬಂದಾಗ ಅದು ಎಲ್ಲಿ ನಿಂತಿದೆಯೋ ಅಷ್ಟು ಫೋರ್ಕ್ ಒಳಗೆ ಹೋಗಿದೆ. ಬ್ರೇಕು ಹಿಡಿದಾಗಲೆಲ್ಲ ತಳ ಮುಟ್ಟುತ್ತಿದ್ದರೆ ಸ್ವಲ್ಪ ಗಟ್ಟಿಯಾದ ಫೋರ್ಕ್ ಆಯಿಲ್ ಹಾಕಿಸಿ ನೋಡಿ. ಎರಡು ರೂಪಾಯಿಯ ಟೈ ಹೇಳುವ ಸತ್ಯವನ್ನು ಕಂಪನಿ ಹೆಸರು ನೋಡಿ ಹಾಕಿಸಿದ ದುಬಾರಿ ಶಾಕ್ ಹೇಳುವುದಿಲ್ಲ.

ಈಗ ಗಾಡಿಯಿಂದ ತೆಗೆಯುವ ಕೆಲಸ. ಕನ್ನಡಿ, ಇಂಡಿಕೇಟರ್, ನಂಬರ್ ಪ್ಲೇಟಿನ ಬ್ರಾಕೆಟ್, ಸೈಡ್ ಸ್ಟ್ಯಾಂಡ್, ಹಿಂದೆ ಕೂರುವವರ ಫುಟ್‌ರೆಸ್ಟ್, ಸೀರೆ ಗಾರ್ಡ್, ಎಲ್ಲ ಕಳಚಿ ಡಬ್ಬಿಯಲ್ಲಿ ಇಡಿ. ಗಾಜಿನ ಲೈಟುಗಳು ಉಳಿದರೆ ಪೂರ್ತಿ ಟೇಪು ಸುತ್ತಿ, ಒಡೆದರೂ ಚೂರು ಟ್ರ್ಯಾಕಿಗೆ ಬೀಳಬಾರದು. ಹತ್ತು ಕಿಲೋ ಇಳಿದರೂ ಅದು ಗಾಡಿ, ಸವಾರ ಸೇರಿದ ಭಾರದಲ್ಲಿ ನೂರಕ್ಕೆ ಐದರ ಹತ್ತಿರ. ಬ್ರೇಕು ಹಿಡಿಯುವಾಗ, ವಾಲಿಸುವಾಗ, ಎದ್ದು ಓಡುವಾಗ, ಮೂರೂ ಕಡೆ ಇದರ ಲಾಭ ಸಿಗುತ್ತದೆ. ರೇಡಿಯೇಟರಿನ ಕೂಲೆಂಟ್ ತೆಗೆದು ಬರೀ ಡಿಸ್ಟಿಲ್ಡ್ ನೀರು ತುಂಬಿಸಬೇಕು. ಕೂಲೆಂಟಿನ ಗ್ಲೈಕಾಲ್ ಟ್ರ್ಯಾಕಿನ ಮೇಲೆ ಚೆಲ್ಲಿದರೆ ಬೇಗ ಒಣಗುವುದಿಲ್ಲ, ಹಿಂದೆ ಬರುವವರೆಲ್ಲ ಜಾರಿ ಬೀಳುತ್ತಾರೆ. ಇಂಜಿನ್ ಆಯಿಲ್‌ನ ಡ್ರೈನ್ ಬೋಲ್ಟಿನ ತಲೆಗೆ ಸಣ್ಣ ತೂತು ಕೊರೆಸಿ ಸ್ಟೀಲ್ ತಂತಿ ಬಿಗಿದು ಕಟ್ಟಬೇಕು, ಬೋಲ್ಟು ಸಡಿಲಾದರೂ ಕಳಚಿ ಬೀಳದಂತೆ.

ಈ ಬಗೆಯ ಕೆಲಸಕ್ಕೆ ಶಿವಮೊಗ್ಗ, ಭದ್ರಾವತಿಗಿಂತ ಒಳ್ಳೆಯ ಜಾಗ ಬೇಕೇ? ವಿಶ್ವೇಶ್ವರಯ್ಯನವರ ದುಡಿಮೆಯಿಂದ 1923ರಲ್ಲಿ ಕಬ್ಬಿಣ ಹರಿಸತೊಡಗಿದ ಕಾರ್ಖಾನೆ ಭದ್ರಾವತಿಯದು. ಮುಂದೆ ಅದು ವಿಶೇಷ ಮಿಶ್ರಲೋಹದ ಉಕ್ಕಿಗೆ ಹೆಸರಾಯಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಬಂದಾಗ ಎರಡೂ ಊರು ತಳಮಳಿಸಿದ್ದು ಇನ್ನೂ ಹಸಿಯಾಗಿದೆ. ಮಾಚೇನಹಳ್ಳಿಯ ಫೌಂಡ್ರಿಗಳಲ್ಲಿ ವಾಹನಗಳ ಎರಕದ ಭಾಗಗಳು ದಿನವೂ ತಯಾರಾಗುತ್ತವೆ. ಲೇತಿನ ಮುಂದೆ ಮೂವತ್ತು ವರ್ಷ ನಿಂತವರು ಓಣಿಗೊಬ್ಬರು ಸಿಗುತ್ತಾರೆ. ಬೈಕು ಬಿದ್ದಾಗ ಇಂಜಿನ್ ನೆಲಕ್ಕೆ ಉಜ್ಜದಂತೆ ತಡೆಯುವ ಸ್ಲೈಡರನ್ನು ನೈಲಾನ್ ರಾಡಿನಲ್ಲಿ ಇವರೇ ತಿರುಗಿಸಿ ಕೊಡಬಲ್ಲರು. ಅಲ್ಯೂಮಿನಿಯಂನಲ್ಲಿ ಮಾಡಿಸಬೇಡಿ, ಲೋಹ ನೆಲಕ್ಕೆ ಕಚ್ಚಿಕೊಂಡು ಬೈಕನ್ನು ಪಲ್ಟಿ ಹೊಡೆಸುತ್ತದೆ, ನೈಲಾನ್ ಸವೆದು ಜಾರುತ್ತದೆ. ಸ್ಲೈಡರ್ ಹಿಡಿಯುವ ಉದ್ದನೆಯ ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂಬ ಅಂಕಿ ಇರಲೇಬೇಕು. ಮೊದಲನೆಯದು ಒಂದು ಚದರ ಮಿ.ಮೀ.ಗೆ 800 ನ್ಯೂಟನ್, ಎರಡನೆಯದು 1000 ನ್ಯೂಟನ್ ಎಳೆತ ತಡೆಯುವ ಉಕ್ಕು. ಅಂಕಿಯೇ ಇಲ್ಲದ ಮೆದು ಬೋಲ್ಟು ಇಂಜಿನ್ ಹಿಡಿಯುವ ಜಾಗದಲ್ಲಿ ಕೂರಬಾರದು. ಇದನ್ನು ಭದ್ರಾವತಿಯವರಿಗೆ ನಾನು ಹೇಳಿಕೊಡಬೇಕಿಲ್ಲ.

ಪಿಕಪ್ ಬೇಕೆನ್ನುವವರಿಗೆ ಇಂಜಿನ್ ಮುಟ್ಟದೆ ಸಿಗುವ ದಾರಿ ಸ್ಪ್ರಾಕೆಟ್. ಮುಂದೆ 14 ಹಲ್ಲು, ಹಿಂದೆ 42 ಇದ್ದರೆ ಅನುಪಾತ 3. ಮುಂದಿನದನ್ನು 13 ಮಾಡಿದರೆ 3.23, ಮುಂದಿನದನ್ನು ಹಾಗೇ ಬಿಟ್ಟು ಹಿಂದಿನದನ್ನು 45 ಮಾಡಿದರೆ 3.21. ಮುಂದಿನ ಒಂದು ಹಲ್ಲು ಹಿಂದಿನ ಮೂರಕ್ಕೆ ಸಮ. ಕರಿ ಸ್ಪೀಡ್‌ವೇಯಂಥ ಚಿಕ್ಕ ಟ್ರ್ಯಾಕಿನಲ್ಲಿ ಬೈಕು ತನ್ನ ಪೂರ್ತಿ ವೇಗ ಮುಟ್ಟುವ ಮೊದಲೇ ಬ್ರೇಕು ಹಿಡಿಯಬೇಕಾಗುತ್ತದೆ, ಹಾಗಾಗಿ ಟಾಪ್ ಸ್ಪೀಡ್ ಸ್ವಲ್ಪ ಬಿಟ್ಟುಕೊಟ್ಟು ತಿರುವಿನಿಂದ ಏಳುವ ಬಲ ಕೊಳ್ಳುವುದು ಲಾಭದ ವ್ಯಾಪಾರ.

ಸೈಲೆನ್ಸರ್, ಏರ್ ಫಿಲ್ಟರ್, ಇಂಜಿನ್ ನಿಯಂತ್ರಿಸುವ ಇಸಿಯು ಯಾಕೆ ಕೊನೆಗೆ ಅನ್ನುವುದಕ್ಕೂ ಲೆಕ್ಕವಿದೆ. ವೇಗ ಹೆಚ್ಚಿದಂತೆ ಗಾಳಿಯ ತಡೆಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದ ಪ್ರಮಾಣದಲ್ಲಿ ಏರುತ್ತದೆ. 17 ಅಶ್ವಶಕ್ತಿಯಲ್ಲಿ 130 ಕಿ.ಮೀ. ಓಡುವ ಬೈಕಿಗೆ ಕಷ್ಟಪಟ್ಟು ಇನ್ನೆರಡು ಅಶ್ವಶಕ್ತಿ ಸೇರಿಸಿದರೆ ಅದು 135 ಓಡೀತು. ಆ ಐದು ಕಿ.ಮೀ. ಕೂಡ ಉದ್ದನೆಯ ನೇರ ದಾರಿಯ ತುದಿಯಲ್ಲಿ ಮಾತ್ರ ಸಿಗುವಂಥದ್ದು. ಬರೀ ಸೈಲೆನ್ಸರ್ ಬದಲಾಯಿಸಿ ಪೆಟ್ರೋಲ್ ಅಳತೆ ಸರಿಮಾಡಿಸದಿದ್ದರೆ ಎರಡು ಅಶ್ವಶಕ್ತಿಯೂ ಬರುವುದಿಲ್ಲ. ಇಂಜಿನ್ ಒಳಗೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದರೆ ಅದು ಅತಿಯಾಗಿ ಕಾಯುತ್ತದೆ. ಇದೇ ದುಡ್ಡಿನಲ್ಲಿ ಎರಡು ದಿನ ತರಬೇತುದಾರನ ಜೊತೆ ಟ್ರ್ಯಾಕಿನಲ್ಲಿ ಓಡಿಸಿದರೆ ಸುತ್ತಿನ ಸಮಯ ಎಷ್ಟೋ ಪಾಲು ಇಳಿಯುತ್ತದೆ.

ಕಾನೂನಿನ ಮಾತು ಚುಟುಕಾಗಿ. ಹೀಗೆ ಸಿದ್ಧಮಾಡಿದ ಬೈಕು ರಸ್ತೆಗೆ ಇಳಿಯುವಂತಿಲ್ಲ. ಕಂಪನಿಯ ವಿನ್ಯಾಸ ಮೀರಿ ವಾಹನ ಬದಲಾಯಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ತಿದ್ದುಪಡಿಯ ನಂತರ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ರಸ್ತೆಯಲ್ಲಿ ರೇಸ್ ಆಡಿದರೆ 189ನೇ ಸೆಕ್ಷನ್ ಪ್ರಕಾರ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ. ಹದಿನೆಂಟು ತುಂಬದ ಮಗನ ಕೈಗೆ ಬೈಕು ಕೊಟ್ಟ ಅಪ್ಪನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಬೈಕು ಬಿದ್ದರೆ ವಿಮೆ ಬರುತ್ತದೆ ಎಂದೂ ಎಣಿಸಬೇಡಿ, ರೇಸ್ ಮತ್ತು ವೇಗದ ಪರೀಕ್ಷೆಗೆ ಸಾಮಾನ್ಯ ವಾಹನ ವಿಮೆ ಅನ್ವಯಿಸುವುದಿಲ್ಲ. ಕಾಲೇಜಿಗೂ ಅದೇ ಬೈಕು, ಟ್ರ್ಯಾಕಿಗೂ ಅದೇ ಬೈಕು ಎನ್ನುವವರು ಟೈರು, ಬ್ರೇಕು, ಸಸ್ಪೆನ್ಷನ್‌ಗೆ ನಿಲ್ಲಿಸಿ, ಕಳಚಿದ್ದೆಲ್ಲ ಮರಳಿ ಜೋಡಿಸಿಕೊಂಡು ರಸ್ತೆಗೆ ಬರಬೇಕು.

ಬೈಕಿಗೆ ಹಾಕುವ ದುಡ್ಡಿಗಿಂತ ಮುಂಚೆ ಎತ್ತಿಡಬೇಕಾದ ದುಡ್ಡೊಂದಿದೆ, ಅದು ಮೈಮೇಲಿನದು. ಒಂದೇ ತುಂಡಿನ ಚರ್ಮದ ಸೂಟು ಅಥವಾ ನಡುವಿಗೆ ಜಿಪ್ಪಿನಲ್ಲಿ ಪೂರ್ತಿ ಸೇರುವ ಎರಡು ತುಂಡಿನದು, ಬೆನ್ನುಹುರಿಯ ಕವಚ, ಮಣಿಕಟ್ಟು ಮುಚ್ಚುವ ಗ್ಲೌಸು, ಕಣಕಾಲಿನ ಮೇಲೆ ಬರುವ ಬೂಟು, ಡಬಲ್ ಡಿ ಉಂಗುರದ ಪಟ್ಟಿಯಿರುವ ಪೂರ್ತಿ ಮುಖದ ಹೆಲ್ಮೆಟ್. ಕೊಳ್ಳಲಾಗದವರಿಗೆ ಎಷ್ಟೋ ತರಬೇತಿ ಶಾಲೆಗಳು ಬಾಡಿಗೆಗೂ ಕೊಡುತ್ತವೆ. 2023ರ ಆಗಸ್ಟ್ 5ರಂದು ಇರುಂಗಾಟುಕೋಟೆಯ ಟ್ರ್ಯಾಕಿನಲ್ಲಿ ಬೆಂಗಳೂರಿನ 13 ವರ್ಷದ ಹುಡುಗನೊಬ್ಬ ಬಿದ್ದು ತೀರಿಕೊಂಡ. ಭರವಸೆಯ ಸವಾರ, ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಓಟ, ವೈದ್ಯರು ಅಲ್ಲೇ ಇದ್ದರು. ಆದರೂ ಉಳಿಯಲಿಲ್ಲ. ಟ್ರ್ಯಾಕು ರಸ್ತೆಗಿಂತ ಎಷ್ಟೋ ಸುರಕ್ಷಿತ. ಎದುರಿಗೆ ಲಾರಿಯಿಲ್ಲ, ದನವಿಲ್ಲ, ಕರೆಂಟು ಕಂಬವಿಲ್ಲ, ಆಂಬುಲೆನ್ಸ್ ಕಾದು ನಿಂತಿರುತ್ತದೆ. ಹಾಗಂತ ಅಪಾಯವೇ ಇಲ್ಲ ಎಂದು ಮನೆಯವರಿಗೆ ಸುಳ್ಳು ಹೇಳಿ ಯಾರೂ ಹೋಗಬಾರದು. ಅಪ್ಪ ಅಮ್ಮನನ್ನು ಕೂರಿಸಿ ಎಲ್ಲ ತಿಳಿಸಿ, ಒಪ್ಪಿಸಿ ಹೋಗಿ.

1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜಾವಾ, ಯೆಜ್ಡಿ ಬೈಕುಗಳನ್ನು ಕಟ್ಟಿದ ನಾಡು ಇದು. 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಬೆಂಗಳೂರಿನವರು. 2019ರಲ್ಲಿ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದ ಐಶ್ವರ್ಯಾ ಪಿಸ್ಸೆಯೂ ಬೆಂಗಳೂರಿನವರೇ. ಪಕ್ಕದ ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲಿ ಏಷ್ಯಾ ಮಟ್ಟದ ಕಾರ್ ರ‍್ಯಾಲಿ ನಡೆದಿದೆ. ಇಷ್ಟಿದ್ದೂ ಮಲೆನಾಡಿನ ಹುಡುಗನೊಬ್ಬ ಡಾಂಬರಿನ ಮೇಲೆ ಸುರಕ್ಷಿತವಾಗಿ ಬೈಕು ವಾಲಿಸಲು ಕಲಿಯಬೇಕೆಂದರೆ ಬೆಂಗಳೂರಿಗೋ ರಾಜ್ಯದ ಗಡಿ ದಾಟಿಯೋ ಹೋಗಬೇಕು. ಒಂದು ಕಿಲೋಮೀಟರಿನ, ಬೇಲಿ ಹಾಕಿದ, ಆಂಬುಲೆನ್ಸ್ ನಿಲ್ಲುವ ಸಣ್ಣ ಟ್ರ್ಯಾಕಿಗೆ ದೊಡ್ಡ ಜಾಗ ಬೇಡ. ಶಿವಮೊಗ್ಗ, ಭದ್ರಾವತಿ ನಡುವಿನ ಕೈಗಾರಿಕಾ ಪ್ರದೇಶದಲ್ಲಿ ಅದು ಆದರೆ, ವಾರದ ದಿನಗಳಲ್ಲಿ ಡ್ರೈವಿಂಗ್ ಲೈಸೆನ್ಸ್ ಪರೀಕ್ಷೆಗೂ ಪೊಲೀಸರ ತರಬೇತಿಗೂ ಬಳಸಿ, ಭಾನುವಾರ ಹುಡುಗರಿಗೆ ಬಿಡಬಹುದು. ಜಿಲ್ಲಾಡಳಿತ, ಪಾಲಿಕೆ, ಕೈಗಾರಿಕೋದ್ಯಮಿಗಳು ಒಟ್ಟಿಗೆ ಕೂತು ಯೋಚಿಸಬೇಕೆಂದು ಈ ಅಂಕಣದ ಮೂಲಕ ಕೇಳಿಕೊಳ್ಳುತ್ತೇನೆ.

ಅಲ್ಲಿಯವರೆಗೆ ಬೆಂಗಳೂರು, ಕೊಯಮತ್ತೂರು, ಇರುಂಗಾಟುಕೋಟೆಯೇ ಗತಿ. ಮೊದಲ ಸಲ ಹೋಗುವವರು ಹಿಂದಿನ ದಿನವೇ ತಲುಪಿ, ರಾತ್ರಿ ಪೂರ್ತಿ ನಿದ್ದೆ ಮಾಡಿ. ಬೆಳಗ್ಗೆ ನಿಮ್ಮ ಬೈಕನ್ನು ಪರೀಕ್ಷಿಸುವವರು ತಂತಿ, ಬೋಲ್ಟು, ಚೈನು, ಬ್ರೇಕು, ಎಕ್ಸಿಲೇಟರ್ ಬಿಟ್ಟ ಕೂಡಲೇ ಹಿಂದಕ್ಕೆ ಬರುತ್ತದೋ ಇಲ್ಲವೋ, ಎಲ್ಲ ಮುಟ್ಟಿ ನೋಡುತ್ತಾರೆ. ಅವರು ಬೇಡ ಅಂದರೆ ವಾದ ಮಾಡಬೇಡಿ. ಮೊದಲ ಸೆಷನ್‌ನಲ್ಲಿ ಯಾರನ್ನೂ ಹಿಂದೆ ಹಾಕುವ ಆಸೆ ಬೇಡ, ದಾರಿ ಎಲ್ಲಿ ತಿರುಗುತ್ತದೆಂದು ಕಣ್ಣಿಗೆ ಕಲಿಸಿ. ಪ್ರತಿ ಸಲ ಒಳಗೆ ಬಂದಾಗ ಟೈರಿನ ಬಿಸಿ ಒತ್ತಡ, ಕೇಬಲ್ ಟೈ ನಿಂತ ಜಾಗ, ಹೊರಗಿನ ಬಿಸಿಲು, ಯಾವ ತಿರುವಿನಲ್ಲಿ ಯಾವ ಗೇರು, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಸಂಜೆ ಗಾಡಿಗೆ ಹತ್ತಿಸುವ ಮುಂಚೆ ಮುಂದಿನ ಬ್ರೇಕ್ ಪ್ಯಾಡ್ ಎಷ್ಟು ಮಿ.ಮೀ. ಉಳಿದಿದೆ ಎಂಬುದನ್ನೂ ಬರೆದಿಡಿ, ಮುಂದಿನ ಸಲ ಹೊರಡುವ ಮೊದಲು ಹೊಸದು ಬೇಕೋ ಬೇಡವೋ ಅದರಲ್ಲೇ ತಿಳಿಯುತ್ತದೆ.